ಹೊತ್ತು ಮುಳುಗುವ ಮೊದಲು

ಕಲಸಿದ ಪ್ಲಾಸ್ಟರಿನ ಹಸಿ ವಾಸನೆಗೆ ಪದ್ಮಲತಾಳಿಗೆ ಚಿಕ್ಕಂದಿನ ನೆನಪಾಯಿತು. ಬಸದಿಯ ಗೋಡೆಗೆ ಬಳಿಯಲು ಅಜ್ಜ ಚಿಪ್ಪಿನ ಸುಣ್ಣವನ್ನು ನೀರಿಗೆ ಹಾಕಿಸುವಾಗ ಇದೇ ವಾಸನೆ ಏಳುತ್ತಿತ್ತು. ಅವಳು ಬೇಸಿನ್ ಹಿಡಿದು ನಿಂತಿದ್ದಂತೆಯೇ, ಕಾಲಿನ ಅಚ್ಚಿಗಾಗಿ ಪ್ಲಾಸ್ಟರ್ ಪಟ್ಟಿ ಸುತ್ತಿಸಿಕೊಳ್ಳುತ್ತಿದ್ದ ಹೆಂಗಸು ಸದ್ದಿಲ್ಲದೆ ಪಕ್ಕಕ್ಕೆ ವಾಲಿ ಬಿದ್ದಳು.

ಮಂಗಳೂರಿನಿಂದ ಬಂದ ಡಾಕ್ಟರು ನಾಡಿ ಹಿಡಿದು ನೋಡಿದರು. "ಇವಳು ಊಟ ಮಾಡುವುದಿಲ್ವಾ? ಹೀಗಾದರೆ ಆಪರೇಶನ್ ಆಗುವುದಿಲ್ಲ. ನಾಳೆ ಮನೆಗೆ ಕಳುಹಿಸಿ."

ಅದು ಮೂಡುಬಿದಿರೆಯ ಶಾಲೆಯೊಂದರಲ್ಲಿ ಬೇಸಗೆ ರಜೆಗೆ ನಡೆಯುತ್ತಿದ್ದ ಅಂಗವಿಕಲರ ಶಿಬಿರ. ಕಾಲೇಜಿಗೆ ರಜೆಯಿದ್ದುದರಿಂದ ಪದ್ಮಲತಾ ಸೇವೆಗೆ ಬಂದಿದ್ದಳು. ಬಿದ್ದವಳು ಸಿದ್ಧಕಟ್ಟೆಯ ಅಮ್ಮಣ್ಣಿ. ಎಳವೆಯ ಜ್ವರದಲ್ಲಿ ಕಾಲು ಸೋತು, ಅಂದಿನಿಂದ ಕೈಯೂರಿ ಸರಿಯುವವಳು. ಆಪರೇಶನ್ ಆದರೆ ನಿಲ್ಲಬಹುದು ಎಂದು ಡಾಕ್ಟರು ಹೇಳಿದ ದಿನ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು.

ಸಂಜೆ ಪದ್ಮಲತಾ ಅವಳ ಚಾಪೆಯ ಬಳಿ ಕುಳಿತು ಗಾಳಿ ಹಾಕತೊಡಗಿದಳು. ಪಕ್ಕದ ಚಾಪೆಯ ಸಫಿಯಮ್ಮ ಸುಮ್ಮನಿರಲಿಲ್ಲ.

"ಇವಳಿಗೆ ಹಸಿವಿಲ್ಲ ಅಂತ ನಿಮಗೆ ಯಾರು ಹೇಳಿದ್ದು? ಮಧ್ಯಾಹ್ನ ನೀರುಳ್ಳಿ ಹಾಕಿದ್ದು ಬೇಡ, ಬರೀ ಗಂಜಿ. ಗ್ಯಾಸ್‌ಲೈಟ್ ಹಚ್ಚಿದ ಮೇಲೆ ನೀರೂ ಮುಟ್ಟುವುದಿಲ್ಲ. ನಮ್ಮ ಉಪವಾಸದಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದು. ಇವಳದ್ದು ತಲೆಕೆಳಗೆ, ಮಾರಾಯ್ತಿ."

ಪದ್ಮಲತಾಳಿಗೆ ಈಗ ಅರ್ಥವಾಯಿತು. ಅವಳೂ ಉಳಿದ ಜೈನ ಹುಡುಗಿಯರೂ ದಿನವೂ ಬೆಳಕಿರುವಾಗಲೇ ಅಡುಗೆಮನೆಯ ಜಗಲಿಯಲ್ಲಿ ಉಂಡು, ಕತ್ತಲಾದ ಮೇಲೆ ಶಿಬಿರದವರಿಗೆ ಬಡಿಸುತ್ತಿದ್ದರು. ಈ ಚಾಪೆಗಳ ಮೇಲೆ ತಮ್ಮವರೊಬ್ಬರು ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

"ನೀವು ನಮ್ಮವರಾ?" ಎಂದು ಅವಳು ಅಮ್ಮಣ್ಣಿಯನ್ನು ಕೇಳಿದಳು.

"ನನಗೆ ಕಿವಿ ಅಷ್ಟು ಕೇಳುವುದಿಲ್ಲ," ಎಂದು ಸಫಿಯಮ್ಮ ಗೋಡೆಯತ್ತ ಹೊರಳಿದಳು.

"ಯಾರಿಗೂ ಹೇಳಬೇಡಿ," ಎಂದಳು ಅಮ್ಮಣ್ಣಿ. "ನಾನು ಶಿರ್ತಾಡಿಯ ಪ್ರಭಾವತಿ. ಬೇರೆ ಊರು, ಬೇರೆ ಹೆಸರು ಹೇಳು ಅಂದದ್ದು ಅಪ್ಪನೇ. ತಂಗಿಗೆ ಸಂಬಂಧ ಬಂದಿದೆ. ಮನೆಯಲ್ಲಿ ಹೀಗೊಬ್ಬಳು ಉಂಟು ಅಂತ ಗೊತ್ತಾದರೆ ಅವರು ಬಿಟ್ಟು ಹೋಗ್ತಾರೆ. ಅವಳ ಮದುವೆ ತಪ್ಪಿದರೆ ನಾನು ಎದ್ದು ನಿಂತು ಏನು ಮಾಡಲಿ?"

"ಎಲ್ಲಿಯ ಸಂಬಂಧ?"

"ಇಲ್ಲಿಯದ್ದೇ. ಭುಜಬಲಿ ಅಂತ ಹುಡುಗ. ಪಾತ್ರೆ ಅಂಗಡಿ ಉಂಟಂತೆ."

ಬೀಸಣಿಗೆ ನಿಂತಿತು. ಭುಜಬಲಿ ಪದ್ಮಲತಾಳ ಅಣ್ಣ. ಕಳೆದ ತಿಂಗಳು ಹೆಣ್ಣು ನೋಡಲು ಹೋದಾಗ ಆ ಮನೆಯ ಚಾವಡಿಯಲ್ಲಿ ಅವಳೂ ಎಳನೀರು ಕುಡಿದಿದ್ದಳು. 'ನಮಗೆ ಒಬ್ಬಳೇ ಮಗಳು' ಎಂದು ಹುಡುಗಿಯ ತಾಯಿ ನಗುನಗುತ್ತಲೇ ಹೇಳಿದ್ದರು. ಆಗ ಇವಳನ್ನು ಯಾವ ಕೋಣೆಯಲ್ಲಿ ಕೂರಿಸಿದ್ದರು?

"ನಿಮ್ಮದು ಯಾವ ಮನೆ?" ಪ್ರಭಾವತಿ ಕೇಳಿದಳು.

"ಪೇಟೆಯಲ್ಲೇ," ಎಂದಷ್ಟೇ ಹೇಳಿ ಅವಳು ಎದ್ದಳು.

ಅಡುಗೆಯ ಲೋಕನಾಥ ಎಲೆ ಹಾಕಿ ಕಾಯುತ್ತಿದ್ದ. "ಬೇಗ ಕುಳಿತುಕೊಳ್ಳಿ. ನಿಮ್ಮ ಸೂರ್ಯ ನನ್ನ ಮಾತು ಕೇಳುವುದಿಲ್ಲ."

"ನನ್ನದನ್ನು ಬಟ್ಟಲಿಗೆ ಹಾಕಿಕೊಡಿ. ನಾಳೆಯಿಂದ ಬೆಳಕಿರುವಾಗ ಇನ್ನೊಂದು ಊಟ ಬೇಕು. ನೀರುಳ್ಳಿ ಬೇಡ."

"ಯಾರಿಗೆ?"

"ಸಿದ್ಧಕಟ್ಟೆಯ ಅಮ್ಮಣ್ಣಿಗೆ."

"ಅವಳನ್ನು ನಾಳೆ ಕಳುಹಿಸುವುದಲ್ವಾ?"

"ಇಲ್ಲ. ಉಣ್ಣುತ್ತಾಳೆ ಅಂತ ಡಾಕ್ಟರಿಗೆ ನಾನೇ ಹೇಳ್ತೇನೆ."

ಲೋಕನಾಥ ಅವಳ ಮುಖ ನೋಡಿದ. ಬಟ್ಟಲಿಗೆ ಇನ್ನೊಂದು ಸೌಟು ಅನ್ನ ಹಾಕಿದ.

ತರಗತಿಯ ಕಿಟಕಿಯಲ್ಲಿ ಬೆಳಕು ಸ್ವಲ್ಪವೇ ಉಳಿದಿತ್ತು. ಪದ್ಮಲತಾ ಬಟ್ಟಲನ್ನು ಪ್ರಭಾವತಿಯ ಕೈಗೆ ಕೊಟ್ಟು, ಅದಕ್ಕೆ ತನ್ನ ನೆರಳು ಬೀಳದಂತೆ ಸರಿದು ಕುಳಿತಳು.