ಲೈನ್ ಸರಿಯಿರಲಿಲ್ಲ

ಡಾಕ್ಟ್ರಮ್ಮ ಆ ಕ್ಲಿನಿಕ್ಕಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಕ್ಲಿನಿಕ್ಕು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಹತ್ತೊಂಬತ್ತು ಮೆಟ್ಟಿಲು ಹತ್ತಿ ಹೋಗಬೇಕು. ಬಂದವರೆಲ್ಲ ಮೆಟ್ಟಿಲನ್ನು ಬೈದುಕೊಂಡೇ ಹತ್ತುತ್ತಿದ್ದರು. ಆದರೆ ಡಾಕ್ಟ್ರಮ್ಮನ ಅರ್ಧ ಕೆಲಸವನ್ನು ಆ ಮೆಟ್ಟಿಲೇ ಮಾಡಿಕೊಡುತ್ತಿತ್ತು. ಯಾರು ಸಲೀಸಾಗಿ ಹತ್ತಿ ಬಂದರು, ಯಾರು ನಡುವೆ ನಿಂತು ಕಂಬಿ ಹಿಡಿದುಕೊಂಡರು ಅನ್ನುವುದನ್ನು ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತಿದ್ದ ಚೀಟಿ ಅಕ್ಕ ನೋಡುತ್ತಿದ್ದಳು. ನಂಬರಿನ ಚೀಟಿ ಕೊಡುವುದು ಅವಳ ಕೆಲಸವಾದ್ದರಿಂದ ಆ ಹೆಸರು. ಕೆಲವೊಮ್ಮೆ ಒಳಗೆ ಕತ್ತು ಹಾಕಿ, ಎಂಟನೇ ನಂಬರಿನವರನ್ನ ಮೊದಲು ನೋಡಿಬಿಡಿ, ಅವರ ಮುಖ ಸರಿಯಿಲ್ಲ ಅನ್ನುತ್ತಿದ್ದಳು. ಅವಳು ಓದಿದ್ದು ಹತ್ತನೇ ಕ್ಲಾಸು. ಅವಳ ಮಾತು ತಪ್ಪಿದ್ದು ಕಡಿಮೆ.

ಸಾಂಕ್ರಾಮಿಕ ಬಂದ ಮೇಲೆ ಕ್ಲಿನಿಕ್ ನಡೆಸುತ್ತಿದ್ದ ಸಂಸ್ಥೆಯವರು ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿದರು. ಡಾಕ್ಟ್ರಮ್ಮನಿಗೆ ಒಂದು ಕಂಪ್ಯೂಟರು, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು ಮನೆಗೆ ಬಂತು. ಮಲಗುವ ಕೋಣೆಯ ಕಿಟಕಿ ಪಕ್ಕ ಮೇಜು ಹಾಕಿಕೊಂಡು ಅವರು ಬೆಳಗ್ಗೆ ಒಂಬತ್ತರಿಂದ ಸಂಜೆಯವರೆಗೆ ಫೋನಿನಲ್ಲೇ ರೋಗಿಗಳನ್ನು ನೋಡತೊಡಗಿದರು. ನೋಡುವುದು ಅನ್ನುವ ಮಾತು ಹಾಗೇ ಉಳಿದಿತ್ತು. ಒಬ್ಬರಿಗೆ ಎಂಟು ನಿಮಿಷ. ಪರದೆಯ ಮೇಲೆ ಪ್ರಶ್ನೆಗಳ ಪಟ್ಟಿ, ಮೊದಲ ಒಂಬತ್ತೂ ಆ ಹೊಸ ಕಾಯಿಲೆಯದೇ. ಅವನ್ನು ತುಂಬದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ.

ಮೊದಮೊದಲು ಅವರಿಗೆ ಇದು ಒಳ್ಳೆಯದೇ ಅನಿಸಿತು. ಬಸುರಿಯರು, ವಯಸ್ಸಾದವರು ಹೊರಗೆ ಕಾಲಿಡದೆ ಮಾತ್ರೆ ಪಡೆಯುತ್ತಿದ್ದರು. ಜೋಲುಮೋರೆ ಹಾಕಿಕೊಂಡು ಬರುತ್ತಿದ್ದ ಎಷ್ಟೋ ಜನ ಫೋನಿನಲ್ಲಿ ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು. ಎರಡನೇ ತಿಂಗಳು ಸಂಸ್ಥೆಯವರು ಚೀಟಿ ಅಕ್ಕನನ್ನು ಕೆಲಸದಿಂದ ಬಿಡಿಸಿದರು. ಬಾಗಿಲೇ ಇಲ್ಲದ ಮೇಲೆ ಬಾಗಿಲಲ್ಲಿ ಕೂರುವವರು ಯಾಕೆ ಅನ್ನುವುದು ಅವರ ಲೆಕ್ಕ. ಡಾಕ್ಟ್ರಮ್ಮ ಒಂದು ಪತ್ರ ಬರೆದರು. ಉತ್ತರ ಬರಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಬಸ್ಸಣ್ಣ ಫೋನ್ ಮಾಡಿದ್ದು ಏಳನೇ ತಿಂಗಳಲ್ಲಿ. ಅವನು ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು, ಆ ಹೆಸರಿಟ್ಟದ್ದು ಮಕ್ಕಳೇ. ಹತ್ತು ವರ್ಷದಿಂದ ಬಿಪಿ ಇತ್ತು. ತಿಂಗಳಿಗೊಮ್ಮೆ ಕ್ಲಿನಿಕ್ಕಿಗೆ ಬಂದು ತೋರಿಸಿಕೊಂಡು, ಹೋಗುವ ಮೊದಲು ಎಲ್ಲರನ್ನೂ ಒಮ್ಮೆ ನಗಿಸಿ ಹೋಗುವುದು ಅವನ ಪದ್ಧತಿ. ಶಾಲೆಗಳು ಮುಚ್ಚಿದ ಮೇಲೆ ಮನೆಯಲ್ಲೇ ಇದ್ದ. ಅವನ ಹೆಂಡತಿ ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಮಾಡುತ್ತಿದ್ದಳು. ದಿನಕ್ಕೆ ಎಷ್ಟು ಹಾಸಿಗೆಯ ಹೊದಿಕೆ ಬರುತ್ತವೆ, ಅದರಲ್ಲಿ ಎಷ್ಟನ್ನು ಆ ಕಾಯಿಲೆಯವರದೆಂದು ಬೇರೆ ಚೀಲದಲ್ಲಿ ಕಟ್ಟಿ ಕಳಿಸಿರುತ್ತಾರೆ ಅನ್ನುವುದು ಅವಳಿಗೆ ಗೊತ್ತಿತ್ತು. ಕೆಮ್ಮುತ್ತಿದ್ದ ಗಂಡನನ್ನು ಅಲ್ಲಿಗೆ ಕರೆದೊಯ್ಯಲು ಅವಳಿಗೆ ಭಯ, ಕರೆದೊಯ್ಯದಿರಲೂ ಭಯ. ಕೊನೆಗೆ ಒಂದು ದಿನ ರಜೆ ಹಾಕಿ, ಅವನ ಮುಂದೆ ಕೂತು, ಡಾಕ್ಟ್ರಮ್ಮನಿಗೆ ಫೋನ್ ಮಾಡಿಸಿದಳು. ಅವರ ಮನೆಯಲ್ಲಿದ್ದದ್ದು ಬಟನ್ ಫೋನು. ಮುಖ ಕಾಣಿಸುವ ಮಾತೇ ಇರಲಿಲ್ಲ.

ಡಾಕ್ಟ್ರಮ್ಮ ಒಂಬತ್ತು ಪ್ರಶ್ನೆ ಕೇಳಿದರು. ಜ್ವರ ಇಲ್ಲ. ವಾಸನೆ ಗೊತ್ತಾಗುತ್ತೆ, ನಾಲಿಗೆಗೆ ರುಚಿ ಇದೆ. ಕಾಯಿಲೆ ಇದ್ದವರ ಹತ್ತಿರ ಹೋಗಿಲ್ಲ. ಕೆಮ್ಮು ಇದೆ, ಆದರೆ ಮಲಗಿದಾಗ ಮಾತ್ರ.

"ಹಾಗಾದ್ರೆ ನಿದ್ದೆ ಹೇಗೆ ಮಾಡ್ತೀರಿ, ಬಸ್ಸಣ್ಣ?"

"ಕುರ್ಚೀಲಿ ಡಾಕ್ಟ್ರಮ್ಮ. ಮೂವತ್ತು ವರ್ಷ ಸೀಟಲ್ಲಿ ಕೂತ ದೇಹ ನೋಡಿ, ಹಾಸಿಗೆ ಕಂಡ್ರೆ ಇದ್ಯಾವ ಸ್ಟಾಪು ಅಂತ ಕೇಳುತ್ತೆ."

ಡಾಕ್ಟ್ರಮ್ಮ ನಕ್ಕರು. ಬೆಳಗ್ಗೆಯಿಂದ ಹದಿನಾಲ್ಕು ಜನರ ಗೋಳು ಕೇಳಿದ್ದ ಅವರಿಗೆ ಆ ನಗು ಬೇಕಾಗಿತ್ತು. ಮನೆಯಲ್ಲಿ ಕೂತು ಕೂತು ಕಾಲೂ ದಪ್ಪಗಾಗಿದೆ, ಚಪ್ಪಲಿ ನಿನ್ನ ಸಹವಾಸ ಬೇಡ ಅಂತಿದೆ ಎಂದೂ ಅವನು ಹೇಳಿದ. ಅದಕ್ಕೂ ನಕ್ಕರು. ಕೆಮ್ಮಿಗೆ ಒಂದು ಸಿರಪ್ಪು ಬರೆದರು, ಬಿಪಿ ಮಾತ್ರೆ ಅದನ್ನೇ ಮುಂದುವರಿಸಿ ಅಂದರು, ಮನೆಯೊಳಗೇ ಸ್ವಲ್ಪ ಓಡಾಡಿ, ಎರಡು ವಾರ ಬಿಟ್ಟು ಫೋನ್ ಮಾಡಿ ಅಂದರು. ಎಂಟು ನಿಮಿಷದಲ್ಲಿ ಎರಡೂವರೆ ನಿಮಿಷ ಉಳಿಯಿತು. ಅಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದರು.

ಹನ್ನೊಂದನೇ ದಿನ ಹೆಂಡತಿ ಮಧ್ಯಾಹ್ನ ಕೆಲಸ ಮುಗಿಸಿ ಮನೆಗೆ ಬಂದಾಗ ಬಸ್ಸಣ್ಣ ಕುರ್ಚಿಯಲ್ಲೇ ಇದ್ದ. ನಿದ್ದೆ ಹೋಗಿರಬೇಕೆಂದು ಸದ್ದು ಮಾಡದೆ ಬಟ್ಟೆ ಬದಲಾಯಿಸಿ, ಕೈ ತೊಳೆದು, ಅವನಿಗೆ ತಟ್ಟೆ ಹಾಕಿ ಕರೆದಿದ್ದಳು.

ಡಾಕ್ಟ್ರಮ್ಮನಿಗೆ ಮನೆ ಹುಡುಕಿಕೊಂಡು ಬಂದು ಸುದ್ದಿ ಮುಟ್ಟಿಸಿದ್ದು ಚೀಟಿ ಅಕ್ಕ. ಸಾವಿನ ವಿಷಯ ಹೇಳಿ, ಇನ್ನೊಂದನ್ನೂ ಹೇಳಿದಳು. ಹೆಂಡತಿ ಫೋನ್ ಮಾಡಿಸುವುದಕ್ಕೆ ಒಂದು ವಾರ ಮೊದಲು ಬ್ರೆಡ್ ಅಂಗಡಿಯ ಹತ್ತಿರ ಅವನನ್ನು ನೋಡಿದ್ದಳಂತೆ. ಹತ್ತು ಹೆಜ್ಜೆಗೊಮ್ಮೆ ಗೋಡೆಗೆ ಒರಗಿ ನಿಲ್ಲುತ್ತಿದ್ದನಂತೆ.

"ನನಗೆ ಹೇಳಬಾರದಿತ್ತಾ?" ಅಂದರು ಡಾಕ್ಟ್ರಮ್ಮ.

"ನಿಮ್ಮ ನಂಬರಿಗೆ ಮಾಡಿದ್ರೆ ಬುಕಿಂಗ್‌ನವರು ಎತ್ಕೊಳ್ತಾರೆ ಡಾಕ್ಟ್ರಮ್ಮ. ರೋಗಿ ನೀವೇನಾ ಅಂತ ಕೇಳಿದ್ರು. ಅಲ್ಲ ಅಂದೆ. ಇಟ್ಟುಬಿಟ್ರು."

ಮಲಗಿದರೆ ಕೆಮ್ಮು, ಕೂತರೆ ನಿದ್ದೆ, ಕಾಲು ಊತ, ಹತ್ತು ವರ್ಷದ ಬಿಪಿ. ಇದು ಸೋತ ಹೃದಯ ಅಂತ ಹೇಳಲು ದೊಡ್ಡ ಡಾಕ್ಟರೇ ಬೇಕಿಲ್ಲ. ಪರೀಕ್ಷೆಯಲ್ಲಿ ಇಷ್ಟು ಬರೆದುಕೊಟ್ಟರೂ ಗುರುತಿಸದ ವಿದ್ಯಾರ್ಥಿಯನ್ನು ಡಾಕ್ಟ್ರಮ್ಮ ಮುಲಾಜಿಲ್ಲದೆ ಫೇಲು ಮಾಡುತ್ತಿದ್ದರು. ಒಂದು ಮೆಟ್ಟಿಲು ಹತ್ತಿಸಿದ್ದರೆ, ಕಾಲ ಮೇಲೆ ಒಂದು ಹೆಬ್ಬೆರಳು ಒತ್ತಿದ್ದರೆ ಸಾಕಿತ್ತು. ಅದೂ ಹೋಗಲಿ, ಅವನು ತನ್ನ ಬಾಯಾರೆ ಎಲ್ಲ ಹೇಳಿದ್ದ. ಅವರು ಕಿವಿಯಾರೆ ಕೇಳಿ ನಕ್ಕಿದ್ದರು.

ಫೋನ್ ಕರೆಗಳನ್ನೆಲ್ಲ ಸಂಸ್ಥೆ ರೆಕಾರ್ಡ್ ಮಾಡಿಡುತ್ತಿತ್ತು. ಡಾಕ್ಟ್ರಮ್ಮ ತಮ್ಮದನ್ನು ತರಿಸಿಕೊಂಡರು. ಕೋಣೆಯ ಬಾಗಿಲು ಹಾಕಿಕೊಂಡು ಕೇಳಿದರು. ತಮ್ಮ ನಗು ತಮಗೆ ನೆನಪಿದ್ದದ್ದಕ್ಕಿಂತ ದೊಡ್ಡದಾಗಿತ್ತು. ಅದಕ್ಕಿಂತ ಕೆಟ್ಟದ್ದು ಬೇರೆಯೇ ಇತ್ತು. ಬಸ್ಸಣ್ಣನ ಮಾತು ನಡುನಡುವೆ ನಿಲ್ಲುತ್ತಿತ್ತು. ಮೂರು ಪದ, ಆಮೇಲೆ ಮೌನ, ಮತ್ತೆ ಎರಡು ಪದ. ಹಾಗೆ ನಿಂತಾಗಲೊಮ್ಮೆ ರೆಕಾರ್ಡಿನಲ್ಲಿ ಅವರದೇ ಧ್ವನಿ ಕೇಳಿಸಿತು, ಲೈನ್ ಕಟ್ ಕಟ್ ಆಗ್ತಿದೆ, ಸ್ವಲ್ಪ ನಿಧಾನವಾಗಿ ಹೇಳಿ ಬಸ್ಸಣ್ಣ ಅಂತ. ಅವನು ಅದಕ್ಕೆ, ಹೌದು, ಲೈನ್ ಸರಿಯಿಲ್ಲ ಅಂದಿದ್ದ. ಲೈನಿಗೆ ಏನೂ ಆಗಿರಲಿಲ್ಲ. ಕೇಳುತ್ತಾ ಹೋದರೆ ಹಿಂದುಗಡೆ ಬೀದಿಯಲ್ಲಿ ಯಾವುದೋ ಸೈಕಲ್ಲಿನ ಬೆಲ್ಲು ಕೂಡ ಸ್ಪಷ್ಟವಾಗಿತ್ತು. ಮಾತು ನಿಲ್ಲುತ್ತಿದ್ದದ್ದು ಅವನಿಗೆ ಉಸಿರು ಸಾಲದೆ.

ಅವರು ಆವತ್ತೇ ಸಂಸ್ಥೆಯ ಮ್ಯಾನೇಜರಿಗೆ ಬರೆದರು. ತಪ್ಪು ನನ್ನದು, ಇಂಥ ರೋಗಿಗಳನ್ನು ವಾರಕ್ಕೊಂದು ದಿನವಾದರೂ ಕಣ್ಣಾರೆ ನೋಡಲು ಬಿಡಿ ಅಂತ. ಈ ಸಲ ಉತ್ತರ ಬೇಗ ಬಂತು. ಸಮಿತಿಯವರು ರೆಕಾರ್ಡು ಕೇಳಿದ್ದಾರೆ, ಕಡ್ಡಾಯವಾದ ಒಂಬತ್ತು ಪ್ರಶ್ನೆಗಳನ್ನೂ ಕೇಳಲಾಗಿದೆ, ಲೋಪ ಕಂಡುಬಂದಿಲ್ಲ. ದಯವಿಟ್ಟು ಮನೆಯವರ ಮುಂದೆ ಬಾಯಿಮಾತಿನಲ್ಲೂ ಬರವಣಿಗೆಯಲ್ಲೂ ತಪ್ಪು ಒಪ್ಪಿಕೊಳ್ಳಬೇಡಿ.

ಡಾಕ್ಟ್ರಮ್ಮ ಮಾಸ್ಕ್ ಹಾಕಿಕೊಂಡು ಬಸ್ಸಣ್ಣನ ಮನೆಗೆ ಹೋದರು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉರುಹಚ್ಚಿಕೊಂಡಿದ್ದರು. ಒಂದು ಕೋಣೆ, ಒಂದು ಅಡಿಗೆಮನೆ. ಹೆಂಡತಿ ಬಾಗಿಲು ತೆಗೆದು, ಕೂತುಕೊಳ್ಳಿ ಅಂದಳು. ಮನೆಯಲ್ಲಿದ್ದದ್ದು ಒಂದೇ ಕುರ್ಚಿ. ಡಾಕ್ಟ್ರಮ್ಮ ನಿಂತೇ ಇದ್ದರು. ನನ್ನಿಂದ ತಪ್ಪಾಯಿತು, ಅವರು ಹೇಳಿದ್ದನ್ನ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅಂದರು.

ಹೆಂಡತಿ ಅಳಲಿಲ್ಲ. ಜಗಳವನ್ನೂ ಆಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು:

"ಆವತ್ತು ಬೆಳಗ್ಗೆ ನಾನು ಗಟ್ಟಿ ಮನಸ್ಸು ಮಾಡಿದ್ದೆ ಡಾಕ್ಟ್ರಮ್ಮ. ಇವರು ಏನೇ ಅನ್ನಲಿ, ಮಧ್ಯಾಹ್ನಕ್ಕೆ ಆಸ್ಪತ್ರೆಗೆ ಕರ್ಕೊಂಡು ಹೋಗೋದೇ ಅಂತ. ಚೀಲಕ್ಕೆ ಬಟ್ಟೆ ತುಂಬಿಟ್ಟಿದ್ದೆ. ಆಮೇಲೆ ಫೋನಲ್ಲಿ ನೀವು ನಕ್ಕಿದ್ದು ಕೇಳಿಸ್ತು. ಫೋನ್ ಅವರ ಕಿವೀಲಿದ್ರೂ ನನಗೆ ಕೇಳಿಸ್ತು. ನನಗೆ ಎಷ್ಟು ಧೈರ್ಯ ಬಂತು ಅಂದ್ರೆ, ಚೀಲ ಬಿಚ್ಚಿ ಬಟ್ಟೆ ವಾಪಸ್ ಮಡಿಸಿಟ್ಟೆ."

ಡಾಕ್ಟ್ರಮ್ಮ ಏನೋ ಹೇಳಹೋದರು. ಅವಳು ತಲೆ ಎತ್ತದೆ ಮುಂದುವರಿಸಿದಳು. ಬೇರೆ ಊರಲ್ಲಿರುವ ಮಗಳು ಆವತ್ತು ಫೋನ್ ಮಾಡಿ ಕೇಳಿದಾಗ ಅವನು ಹೆಮ್ಮೆಯಿಂದ, ಡಾಕ್ಟ್ರಮ್ಮನೇ ನಕ್ಕುಬಿಟ್ಟರು, ನೀವಿಬ್ಬರೂ ಸುಮ್ಮನೆ ಹೆದರ್ತೀರಿ ಅಂದನಂತೆ. ಮಗಳಿಗೆ ಮಣ್ಣಿಗೂ ಬರಲಾಗಿರಲಿಲ್ಲ, ದಾರಿ ಬಂದ್ ಇತ್ತು. ಈಗ ಅವಳು ಅಮ್ಮನ ಹತ್ತಿರ ಮಾತಾಡುವುದಿಲ್ಲ. ನೀನು ಪಕ್ಕದಲ್ಲೇ ಇದ್ದೆಯಲ್ಲ, ಉಸಿರು ಕಟ್ಟುತ್ತಿದ್ದದ್ದು ನಿನಗೂ ಕಾಣಲಿಲ್ಲವಾ ಅಂದದ್ದೇ ಕೊನೆಯಂತೆ.

"ತಪ್ಪು ನನ್ನದು ಅಂತ ನಾನೇ ಅವಳಿಗೆ ಹೇಳ್ತೀನಿ, ನಂಬರ್ ಕೊಡಿ" ಅಂದರು ಡಾಕ್ಟ್ರಮ್ಮ.

"ಬೇಡ" ಅಂದಳು. "ನೀವು ಫೋನಲ್ಲಿ ಹೇಳೋದು ಬೇಡ."

ಡಾಕ್ಟ್ರಮ್ಮ ವಿಳಾಸ ಕೇಳಿ ಪಡೆದು ಮಗಳಿಗೆ ಕೈಬರಹದಲ್ಲಿ ಎರಡು ಪುಟದ ಪತ್ರ ಬರೆದರು. ತಾವು ಏನು ಕೇಳಿದರು, ಏನು ಕೇಳಲಿಲ್ಲ, ತಾಯಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ ಅನ್ನುವುದನ್ನು ಬಿಡಿಸಿ ಬರೆದು, ಕೆಳಗೆ ಸಹಿ ಮಾಡಿದರು. ಪತ್ರದ ಒಂದು ಪ್ರತಿ ಮ್ಯಾನೇಜರಿಗೂ ಹೋಯಿತು, ಡಾಕ್ಟ್ರಮ್ಮನೇ ಕಳಿಸಿದರು. ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದರು. ತೆಗೆಯಲಿಲ್ಲ. ಡಾಕ್ಟರುಗಳು ಸಾಲದೆ ಇದ್ದ ಕಾಲ, ದಿನಕ್ಕೆ ಆರು ಕರೆ ಹೆಚ್ಚಿಗೆ ಹಾಕಿದರು. ಮಗಳಿಂದ ಉತ್ತರ ಬರಲಿಲ್ಲ. ಅಮ್ಮನ ಹತ್ತಿರ ಮಾತಾಡಿದಳೋ ಇಲ್ಲವೋ, ಅದೂ ಗೊತ್ತಾಗಲಿಲ್ಲ.

ಮರುವರ್ಷ ಕ್ಲಿನಿಕ್ ತೆರೆಯಿತು, ವಾರಕ್ಕೆ ಎರಡು ದಿನ. ಉಳಿದ ದಿನ ಫೋನೇ ಸಾಕು ಅಂತ ಸಂಸ್ಥೆಯವರು ನಿರ್ಧರಿಸಿದ್ದರು. ಬಾಗಿಲ ಬಳಿ ಮೇಜಿನ ಜಾಗದಲ್ಲಿ ಚೀಟಿ ಉಗುಳುವ ಒಂದು ಯಂತ್ರ ನಿಂತಿತ್ತು.

ತೆರೆದ ಎರಡನೇ ವಾರ ಬಸ್ಸಣ್ಣನ ಹೆಂಡತಿ ಬಂದಳು. ಆ ಬೀದಿಗೆ ಬೇರೆ ಡಾಕ್ಟರಿಲ್ಲ, ಅವಳಿಗೆ ಬಿಪಿ ಶುರುವಾಗಿತ್ತು. ಸ್ಟೂಲಿನ ಮೇಲೆ ಕೂತು, ರವಿಕೆಯ ತೋಳು ಮೇಲೆ ಸರಿಸಿ, ಕೈಯನ್ನು ಮೇಜಿನ ಮೇಲೆ ಚಾಚಿದಳು. ಡಾಕ್ಟ್ರಮ್ಮ ಅಭ್ಯಾಸಬಲದಿಂದ, ಹೇಗಿದ್ದೀರಮ್ಮ ಅಂತ ಕೇಳಿದರು.

"ನನ್ನನ್ನ ಕೇಳ್ಬೇಡಿ. ನೀವೇ ನೋಡಿ ಹೇಳಿ" ಅಂದಳು.

ಡಾಕ್ಟ್ರಮ್ಮ ಪಟ್ಟಿ ಸುತ್ತಿ, ಗಾಳಿ ಹಾಕಿ, ಕಿವಿಗೊಟ್ಟು ಕೇಳಿದರು. ನೂರ ಅರವತ್ತೆರಡು ಇತ್ತು. ಬಾಗಿ ಅವಳ ಕಾಲನ್ನೂ ಒತ್ತಿ ನೋಡಿದರು. ಅವಳು ಅಷ್ಟು ಹೊತ್ತೂ ಗೋಡೆಯ ಕಡೆ ಮುಖ ಮಾಡಿ ಕೂತಿದ್ದು, ಮಾತ್ರೆಯ ಚೀಟಿ ಇಸಿದುಕೊಂಡು ಎದ್ದು ಹೋದಳು.