ಹಕ್ಕಿಯ ಕನಸು ಕೇಳಿಸಿದ ಭಾನುವಾರ

ಆ ಪ್ರಯೋಗಾಲಯದಲ್ಲಿ ಹಗಲು ರಾತ್ರಿ ತಲೆಕೆಳಗು. ಹಕ್ಕಿಗಳು ಮಲಗುವ ಹೊತ್ತಿಗೆ ಮನುಷ್ಯರು ಎದ್ದಿರಬೇಕಲ್ಲ? ಅದಕ್ಕೆ ಮಧ್ಯಾಹ್ನವೇ ದೀಪ ಆರಿಸಿ, ದಪ್ಪ ಪರದೆ ಎಳೆದು, ಪಾಪದ ಹಕ್ಕಿಗಳಿಗೆ ರಾತ್ರಿಯಾಯಿತೆಂದು ನಂಬಿಸುತ್ತಿದ್ದರು. ಒಳಗೆ ಬರುವವರು ಚಪ್ಪಲಿ ಹೊರಗೆ ಬಿಟ್ಟು ಬೆಕ್ಕಿನ ಹೆಜ್ಜೆ ಇಡಬೇಕು, ಮಾತೆಲ್ಲ ಪಿಸುಪಿಸು. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಮನೆಯಲ್ಲೂ ಅದೇ ದನಿ ಅಂಟಿಕೊಳ್ಳುತ್ತಿತ್ತು. ತರಕಾರಿಯವನು ಗಂಟಲು ಕಟ್ಟಿದೆಯಾ ಎಂದು ವಿಚಾರಿಸುತ್ತಿದ್ದ.

ಪುಟ್ಟಿಯೂ ಅಂಥವಳೇ. ತಲೆಗೂದಲು ಅರ್ಧ ಬೆಳ್ಳಗಾಗಿದೆ, ನಾಲ್ಕು ಜನ ತಿಳಿದವರು ಎದ್ದು ನಿಂತು ಮಾತಾಡಿಸುವ ವಿಜ್ಞಾನಿ, ಆದರೂ ಅಕ್ಕನ ಬಾಯಲ್ಲಿ ಇವತ್ತಿಗೂ ಪುಟ್ಟಿ. ನಾವೂ ಹಾಗೇ ಕರೆಯೋಣ, ಅವಳೇನೂ ಕೋಪಿಸಿಕೊಳ್ಳುವವಳಲ್ಲ. ಮಲಗಿದ ಹಾಡುಹಕ್ಕಿಯ ಗಂಟಲಿನೊಳಗೆ ಎಳೆಯಷ್ಟು ಸಣ್ಣ ಸ್ನಾಯುಗಳು ಮಿಡಿಯುವುದನ್ನು ಅಳೆಯುವುದು ಅವಳ ಕೆಲಸ. ಹಗಲು ಹಾಡಿದ್ದನ್ನೇ ಹಕ್ಕಿ ನಿದ್ದೆಯಲ್ಲಿ ದನಿಯಿಲ್ಲದೆ ಮತ್ತೆ ಹಾಡಿಕೊಳ್ಳುತ್ತಿತ್ತು. ಆ ಮಿಡಿತವನ್ನು ಯಂತ್ರಕ್ಕೆ ಕೊಟ್ಟು ದನಿಯಾಗಿಸುವುದನ್ನು ಅವಳು ಈಚೆಗಷ್ಟೇ ಸಾಧಿಸಿದ್ದಳು. ಅಂದರೆ ನೋಡಿ, ಹಕ್ಕಿಯ ಕನಸು ಕಿವಿಗೆ ಕೇಳುವಂತಾಗಿತ್ತು.

ತಿಂಗಳಿಗೊಂದು ಭಾನುವಾರ ಸಂಸ್ಥೆಯ ಸಭಾಂಗಣದಲ್ಲಿ ಊರಿನ ಜನರನ್ನು ಕೂರಿಸಿಕೊಂಡು ಒಳಗೆ ನಡೆಯುತ್ತಿರುವ ಸಂಶೋಧನೆಯನ್ನು ತಿಳಿಸಿ ಹೇಳುವ ಪದ್ಧತಿ. ಪುಟ್ಟಿಯ ಹಿಂದಿನ ಭಾಷಣಗಳ ಗತಿ ಕೇಳಬೇಡಿ, ಶುದ್ಧ ಕಬ್ಬಿಣದ ಕಡಲೆ. ‘ಇರಬಹುದು’, ‘ಖಚಿತವಾಗಿ ಹೇಳಲಾಗದು’ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುತ್ತ ಹೋದರೆ ಯಾರು ತಾನೇ ಕೂತಾರು? ಒಬ್ಬೊಬ್ಬರಾಗಿ ಚಹಾದ ಕಡೆ ಜಾರಿಕೊಳ್ಳುತ್ತಿದ್ದರು. ಈ ಸಲ ಜನರ ಮನಸ್ಸಿಗೆ ನಾಟುವ ಹಾಗೆ ಹೇಳದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಸಂಸ್ಥೆಯ ಮುಖ್ಯಸ್ಥರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಮನೆಯ ಕಡೆ ಇನ್ನೊಂದು ಚಿಂತೆ. ಅಮ್ಮ ಲಕ್ವ ಹೊಡೆದು ಮಾತು ಕಳೆದುಕೊಂಡು ಅಕ್ಕನ ಮನೆಯಲ್ಲಿದ್ದಳು. ಮಾತು ಕಲಿಸುವ ಹೆಂಗಸೊಬ್ಬಳು ಬೆಳಗ್ಗೆ ಬಂದು ಅಭ್ಯಾಸ ಮಾಡಿಸುತ್ತಿದ್ದಳು. ಅಮ್ಮ ನಿದ್ದೆಯಲ್ಲಿ ತುಟಿ ಆಡಿಸುತ್ತಾಳೆ, ಯಾಕಿರಬಹುದು ಎಂದು ಒಂದು ದಿನ ಅಕ್ಕ ಫೋನಿನಲ್ಲಿ ಕೇಳಿದಾಗ ಪುಟ್ಟಿ ಹಕ್ಕಿಗಳ ಗುಂಗಿನಲ್ಲಿದ್ದಳು. ನಮ್ಮ ಹಕ್ಕಿಗಳೂ ಹಾಗೇ, ನಿದ್ದೆಯಲ್ಲೇ ಅಭ್ಯಾಸ ಮಾಡಿಕೊಳ್ಳುತ್ತವೆ ಎಂದುಬಿಟ್ಟಳು. ಎಂದೂ ಇಲ್ಲದೆ ಅವತ್ತು ‘ಇರಬಹುದು’ ಎನ್ನಲಿಲ್ಲ. ಫೋನಿಟ್ಟ ಮೇಲೆ ಆ ಮಾತನ್ನು ಮರೆತೂ ಬಿಟ್ಟಳು.

ಭಾನುವಾರ ಬಂತು. ಪುಟ್ಟಿ ನಕ್ಷೆ, ಅಂಕಿ ಎಲ್ಲವನ್ನೂ ಬದಿಗಿಟ್ಟು ಸಭಾಂಗಣದ ದೀಪಗಳನ್ನು ಒಂದೊಂದಾಗಿ ಆರಿಸಿದಳು. ಕಣ್ಣು ಮುಚ್ಚಿಕೊಳ್ಳಿ ಎಂದಳು. ಕುರ್ಚಿಗಳ ಕಿರಿಕಿರಿ ನಿಂತಿತು, ಕೆಮ್ಮು ನಿಂತಿತು. ಆ ಕತ್ತಲೆಯಲ್ಲಿ ಎಲ್ಲಿಂದಲೋ ಒಂದು ಸಣ್ಣ ಸಿಳ್ಳೆ ಎದ್ದಿತು, ನಡುವೆ ತಡವರಿಸಿತು, ಮತ್ತೆ ಮೊದಲಿನಿಂದ ಶುರುವಾಯಿತು. ಎಚ್ಚರದಲ್ಲಿರುವ ಯಾವ ಹಕ್ಕಿಯೂ ಅಷ್ಟು ಮೆಲ್ಲಗೆ ಹಾಡುವುದಿಲ್ಲ. ಕೂತವರು ಯಾರದೋ ನಿದ್ದೆಯೊಳಗೆ ಕಾಲಿಟ್ಟವರಂತೆ ಉಸಿರು ಬಿಗಿಹಿಡಿದಿದ್ದರು. ಪುಟ್ಟಿಗೂ ಒಂದು ಗಳಿಗೆ ತಾನೆಲ್ಲಿದ್ದೇನೆ ಎನ್ನುವುದು ಮರೆತುಹೋಯಿತು. ಹಾಡು ನಿಂತ ಮೇಲೂ ಯಾರೂ ಕಣ್ಣು ತೆರೆಯಲಿಲ್ಲ. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಮೇಲೆ ಒಂದೇ ದೀಪದ ಮಬ್ಬು ಬೆಳಕಿನಲ್ಲಿ ಪ್ರಶ್ನೆಗಳು. ಮುಂದಿನ ಸಾಲಿನ ದರ್ಜಿಯೊಬ್ಬ, ಇನ್ನು ಮೇಲೆ ಮಗಳು ಪುಸ್ತಕದ ಮೇಲೆ ತಲೆಯಿಟ್ಟು ಮಲಗಿದರೆ ಬೈಯುವುದಿಲ್ಲ ಎಂದ. ಎಲ್ಲರೂ ನಕ್ಕರು, ಪುಟ್ಟಿಯೂ ನಕ್ಕಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅಕ್ಕ ಎದ್ದು ನಿಂತಳು. ಮುಖದಲ್ಲಿ ತಂಗಿಯ ಬಗ್ಗೆ ಹೆಮ್ಮೆ ತುಳುಕುತ್ತಿತ್ತು. ಇವಳು ನನ್ನ ತಂಗಿ ಎಂದು ಅಕ್ಕಪಕ್ಕದವರಿಗೆಲ್ಲ ತಿಳಿಸಿ, ಮಾತು ಹೋದ ಅಮ್ಮನ ಕಥೆ ಹೇಳಿದಳು.

“ಅಮ್ಮನೂ ಹೀಗೇ ನಿದ್ದೇಲಿ ಅಭ್ಯಾಸ ಮಾಡ್ತಿದಾಳೆ. ಅದಕ್ಕೇ ಮಾತು ಕಲಿಸೋರಿಗೆ ಬರಬೇಡಿ ಅಂದ್ಬಿಟ್ಟೆ. ಈಗ ನಾನು ಅವಳನ್ನ ಎಬ್ಬಿಸೋದೇ ಇಲ್ಲ, ಎಷ್ಟು ಬೇಕೋ ಅಷ್ಟು ಮಲಗಲಿ ಅಂತ. ಸರಿ ಅಲ್ವಾ ಪುಟ್ಟಿ?”

ಜನ ಚಪ್ಪಾಳೆ ತಟ್ಟಿದರು. ಮುಖ್ಯಸ್ಥರು ಕಣ್ಣೊರೆಸಿಕೊಂಡರು. ಮಾತು ಮರಳುವುದಿದ್ದರೆ ಈ ತಿಂಗಳುಗಳಲ್ಲೇ ಹೆಚ್ಚು, ಒಂದು ದಿನವೂ ಬಿಡಬೇಡಿ ಎಂದು ವೈದ್ಯರು ಹೇಳಿದ್ದು ಪುಟ್ಟಿಗೆ ಗೊತ್ತಿತ್ತು. ಹೌದು ಎಂದು ತಲೆಯಾಡಿಸಿ, ಮನೆಗೆ ಹೋದ ಮೇಲೆ ಮೆಲ್ಲಗೆ ತಿಳಿಹೇಳಬಹುದಿತ್ತು. ಆದರೆ ದರ್ಜಿಯೂ ಇತರರೂ ಅದನ್ನೇ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದರಲ್ಲ? ಅವಳು ಉಳಿದ ದೀಪಗಳನ್ನೂ ಹಾಕಿಸಿದಳು. ಜನ ಕಣ್ಣು ಕಿರಿದುಮಾಡಿಕೊಂಡು ಅವಳನ್ನೇ ನೋಡಿದರು.

“ಸರಿ ಅಲ್ಲ ಅಕ್ಕ. ಅವತ್ತು ನಾನು ನಿಂಗೆ ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಹಗಲು ಹಾಡದ ಹಾಡನ್ನ ಹಕ್ಕಿ ನಿದ್ದೇಲಿ ಹಾಡಿದ್ದು ನಾನು ಒಂದ್ಸಲವೂ ನೋಡಿಲ್ಲ. ಅಮ್ಮನ ತುಟಿ ಯಾಕೆ ಆಡುತ್ತೋ ನಂಗೆ ಗೊತ್ತಿಲ್ಲ. ಅವಳನ್ನ ಎಬ್ಬಿಸಬೇಕು.”

ಪಿಸುದನಿಯ ಹೆಂಗಸಿನ ಗಂಟಲು ಅವತ್ತು ಕೊನೆಯ ಕುರ್ಚಿಯವರೆಗೂ ಕೇಳಿಸಿತು. ಅಕ್ಕ ನಿಂತಲ್ಲೇ ಬಿಳಿಚಿಕೊಂಡಳು. ಜನ ಸಪ್ಪೆ ಮುಖ ಮಾಡಿಕೊಂಡು ಎದ್ದುಹೋದರು. ಒಳ್ಳೆಯ ಸಭೆಯನ್ನು ಕೈಯಾರೆ ಕೆಡಿಸಿದೆಯಲ್ಲ ಎಂದು ಮುಖ್ಯಸ್ಥರು ಗೊಣಗಿದರು. ಪುಟ್ಟಿ ಆಗಲೇ ಅಕ್ಕನ ಕೈ ಹಿಡಿದು ಬಾಗಿಲು ದಾಟಿದ್ದಳು.

ಇಬ್ಬರೂ ಅಕ್ಕನ ಮನೆಯ ಕಡೆ ನಡೆದರು. ಅಂಗಡಿಗಳ ಬಾಗಿಲು ಹಾಕಿತ್ತು, ಮಹಡಿಗಳ ಮೇಲೆ ಒಣಹಾಕಿದ ಬಟ್ಟೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು, ಇಡೀ ಬೀದಿಯೇ ತೂಕಡಿಸುತ್ತಿತ್ತು. ಕೋಣೆಯಲ್ಲಿ ಅಮ್ಮ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ತುಟಿ ಆಡುತ್ತಿತ್ತು, ಸಲೀಸಾಗಿ, ನಡುನಡುವೆ ನಗುತ್ತ, ಹಳೆಯ ಗೆಳತಿಯೊಬ್ಬಳ ಜೊತೆ ಹರಟುತ್ತಿದ್ದ ಹಾಗೆ. ಪುಟ್ಟಿ ಕೈ ಚಾಚಿದವಳು ಹಿಂದೆಗೆದುಕೊಂಡಳು. ನಿದ್ದೆಯಲ್ಲಿ ಇಷ್ಟು ಮಾತಿದೆ, ಎಬ್ಬಿಸಿದರೆ ಎಲ್ಲ ಹೋಗುತ್ತದೆ. ಅವಳಿಗೆ ಅಳು ಬಂತು.

“ನೀನೇ ಎಬ್ಬಿಸು, ನನ್ನ ಕೈಲಾಗಲ್ಲ,” ಎಂದಳು ಅಕ್ಕ.

ಪುಟ್ಟಿ ಅಮ್ಮನ ಭುಜ ಹಿಡಿದು ಅಲುಗಿಸಿದಳು. ತುಟಿ ನಿಂತಿತು. ಅಮ್ಮ ಕಣ್ಣು ಬಿಟ್ಟು ಇಬ್ಬರನ್ನೂ ನೋಡಿದಳು, ಬಾಯಿ ತೆರೆದಳು, ಬರೀ ಗಾಳಿ ಬಂತು. ಅವರು ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿ, ಲೋಟ ತೋರಿಸಿದರು, ಬಾಚಣಿಗೆ ತೋರಿಸಿದರು, ಒಂದೊಂದರ ಹೆಸರನ್ನೂ ಬಾಯಗಲಿಸಿ ಹೇಳಿಕೊಟ್ಟರು. ಅಮ್ಮ ಬೆವರಿದಳು, ಒಮ್ಮೆ ಅತ್ತಳು, ಲೋಟವನ್ನು ತಳ್ಳಿ ನೀರೆಲ್ಲ ಚೆಲ್ಲಿದಳು. ಅಕ್ಕ ಮುಖ ತಿರುಗಿಸಿಕೊಂಡು, ಮಲಗಿಬಿಡಲಿ ಬಿಡು ಎಂದು ಬೇಡಿಕೊಂಡಳು. ಪುಟ್ಟಿ ಮತ್ತೆ ಬಾಚಣಿಗೆ ಎತ್ತಿ ಹಿಡಿದಳು.

ಅಮ್ಮ ಅವಳ ಕೈಗೆ ಫಟ್ಟನೆ ಹೊಡೆದಳು.

“ಸಾಕು,” ಎಂದಳು.

ಪುಟ್ಟಿ ಬಾಚಣಿಗೆ ಕೆಳಗಿಡಲು ಹೋದಳು. ಬೇಡಿಕೊಳ್ಳುತ್ತಿದ್ದ ಅಕ್ಕನೇ ಈಗ ಮಂಚದ ಮೇಲೆ ಹತ್ತಿ ಕೂತಳು, ಮೂಗಿನ ತುದಿಯಲ್ಲಿ ತೊಟ್ಟಿಕ್ಕುತ್ತಿದ್ದ ಕಣ್ಣೀರನ್ನೂ ಒರೆಸಿಕೊಳ್ಳದೆ ಅಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಕೇಳಿಸ್ಲಿಲ್ಲ ಅಮ್ಮ. ಇನ್ನೊಂದ್ಸಲ ಹೇಳು.”

ಅಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ದುರುಗುಟ್ಟಿಕೊಂಡು ನೋಡಿ, ಇನ್ನೊಂದು ಸಲ ಹೇಳಿದಳು.