ಕೂಟದ ಮನೆಯ ಯಜಮಾನಿ

“ತಲೆ ಬರಿ ಮಾಡ್ಕೊಂಡು ಹೋಗಿ ಬಂದ್ರೆ ನಮ್ಮ ಗಂಟೇನು ಹೋದದು, ಯೋಳು?” ಎನ್ನುತ್ತಾ ಮಂಟಯ್ಯ ಜಗಲಿಯ ಮೇಲೆ ಕೂತು ಕುಡುಗೋಲನ್ನು ಮಸೆಗಲ್ಲಿಗೆ ಉಜ್ಜುತ್ತಿದ್ದ. “ಎಲೆಅಡಿಕೆ ಹಾಕಿ ಉಗಿಯೋವಷ್ಟು ಹೊತ್ತು. ಹೋದೆ, ಇಟ್ಟೆ, ಬಂದೆ. ಆಮೇಲೆ ವರ್ಷಗಂಟ್ಲೆ ಯಾರ ತಂಟೆಯೂ ಇಲ್ಲ.”

ಪುಟ್ಟಮಾದಮ್ಮ ಅಂಗಳದಲ್ಲಿ ತೊಳೆದಿಟ್ಟ ನೇಗಿಲಿಗೆ ವಿಭೂತಿ ಬಳಿಯುತ್ತಿದ್ದಳು. ಅಂದು ಮಹಾನವಮಿ, ಮನೆಯ ಕೆಲಸದ ಮುಟ್ಟುಗಳಿಗೆಲ್ಲ ಪೂಜೆ. ಗಂಡನ ಮಾತಿಗೆ ತಲೆಯೆತ್ತದೆ, “ಮಸೆದಿದ್ದು ಸಾಕು ಬುಡಿ. ಒಪ್ಪಿಸೋ ಕುಡ್ಲಿಗೆ ಹರಿತ ಯಾಕೆ?” ಅಂದಳು.

ಮಂಟಯ್ಯನ ಕೈ ನಿಂತಿತು. ಅವನು ಕೆಟ್ಟವನಲ್ಲ, ಪುಕ್ಕಲನೂ ಅಲ್ಲ. ಹೆಗ್ಗಡದೇವನಕೋಟೆಯ ಕಾಡಂಚಿನಿಂದ ಮನೆ ಅಳಿಯನಾಗಿ ಬಂದವನು. ಆನೆ ನುಗ್ಗಿದರೆ ಕೊಳ್ಳಿ ಹಿಡಿದು ಎದುರು ನಿಲ್ಲುತ್ತಿದ್ದ. ಆದರೆ ಊರಿನವರ ಕೂಡೆ ಜಗಳ ಎಂದರೆ ಅವನಿಗೆ ಆಗದು. ಬೆಳಿಗ್ಗೆ ತಳವಾರ ಬಂದು, “ಮಾವ ಹೋದ ಮ್ಯಾಲೆ ಈ ಮನೆ ಯಜಮಾನಿಕೆ ನಿಮ್ದೇ ಅಲ್ವ್ರಾ? ಪಟೇಲರು ಹೇಳಿ ಕಳಿಸವ್ರೆ. ಹೊತ್ತು ಏರೋದ್ರೊಳಗೆ ಚಾವಡಿಗೆ ಬಂದು ಕುಡ್ಲು ಒಪ್ಪಿಸಬೇಕಂತೆ,” ಎಂದಾಗ ಮಂಟಯ್ಯ ಸುಮ್ಮನೆ ಹೂಂಗುಟ್ಟಿದ್ದ.

ಪಿರಿಯಾಪಟ್ಟಣದ ಸೀಮೆಗೆ ಸೇರಿದ ಆ ತೂಬಿನಕೊಪ್ಪಲಿನಲ್ಲಿ ಅವರದ್ದನ್ನು ಎಲ್ಲರೂ ಕೂಟದ ಮನೆ ಎನ್ನುತ್ತಿದ್ದರು. ನೂರು ವರ್ಷಕ್ಕೂ ಹಿಂದೆ, ಕಂದಾಯದ ಕಾಟ ತಡೆಯಲಾರದೆ ರೈತರು ಕೂಟ ಕಟ್ಟಿ ಅರಮನೆಗೆ ಎದುರು ನಿಂತ ಕಾಲದಲ್ಲಿ, ಈ ಊರಲ್ಲಿ ಕೂಟದ ಮುಂದಾಳಾಗಿದ್ದವನು ಕಂಠಪ್ಪ. ಊರು ಎರಡಾಯಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೂ ಎರಡಾದರು. ಕಂಠಪ್ಪ ಅಡಗಿದ್ದ ಹಳ್ಳದ ದಾರಿಯನ್ನು ಅರಮನೆಯ ಸವಾರರಿಗೆ ತೋರಿಸಿದವನು ಅವನ ಒಡಹುಟ್ಟಿದ ತಮ್ಮನೇ. ಅಣ್ಣನನ್ನು ಕೆರೆ ಏರಿಯ ಆಲದ ಮರಕ್ಕೆ ನೇತುಹಾಕಿದರು. ತಮ್ಮನಿಗೆ ಪಟೇಲಿಕೆ ಬಂತು, ಒಂದು ಬೆಳ್ಳಿ ಹಿಡಿಯ ಕತ್ತಿ ಬಂತು. ತಮ್ಮ ಅಲ್ಲಿಗೆ ನಿಲ್ಲಲಿಲ್ಲ. ಪ್ರತಿ ಮಹಾನವಮಿಯ ದಿನ ಅಣ್ಣನ ಮನೆಯ ಯಜಮಾನನಾದವನು ರುಮಾಲು ತೆಗೆದು, ಬರಿ ತಲೆಯಲ್ಲಿ ಚಾವಡಿಗೆ ಬಂದು, ಪಟೇಲನ ಕಾಲ ಬಳಿ ಕುಡುಗೋಲಿಟ್ಟು, ‘ನಮ್ಮ ಹಿರೀಕ ಮಾಡಿದ್ದು ತಪ್ಪು’ ಎಂದು ಊರೆದುರು ಹೇಳಬೇಕೆಂದು ಕಟ್ಟು ಮಾಡಿದ. ತಮ್ಮನೂ ಸತ್ತ, ಅವನ ಮಗನೂ ಸತ್ತ. ಕಟ್ಟು ಮಾತ್ರ ಉಳಿಯಿತು.

ಪುಟ್ಟಮಾದಮ್ಮನ ಅಪ್ಪ ನಂಜಣ್ಣ ಬದುಕಿರುವಷ್ಟು ಕಾಲ ಅದನ್ನು ನಡೆಸಿಕೊಂಡು ಬಂದ. ಚಾವಡಿಯಿಂದ ಬಂದವನು ಅವತ್ತೆಲ್ಲ ಹಬ್ಬದ ಅಡಿಗೆ ಮುಟ್ಟುತ್ತಿರಲಿಲ್ಲ. ಕೊಟ್ಟಿಗೆಗೆ ಹೋಗಿ ಎತ್ತುಗಳ ಮೈ ತಿಕ್ಕುತ್ತಾ ನಿಲ್ಲುತ್ತಿದ್ದ. ತಿಕ್ಕಿ ತಿಕ್ಕಿ ಎತ್ತುಗಳೇ ಬೇಸತ್ತು ಸರಿದುಕೊಳ್ಳುತ್ತಿದ್ದವು. ಮಗಳು ಒಮ್ಮೆ, “ಅಪ್ಪಾ, ನೀನೇನು ತಪ್ಪು ಮಾಡಿದ್ದೆ?” ಎಂದು ಕೇಳಿದ್ದಕ್ಕೆ, “ಹುಟ್ಟಿದ್ದು ಕಣವ್ವ,” ಎಂದಿದ್ದ. ಈ ಆಷಾಢದಲ್ಲಿ ಜ್ವರ ಬಂದು ತೀರಿಕೊಂಡ.

“ನೀವು ಹೋಗಬ್ಯಾಡಿ,” ಪುಟ್ಟಮಾದಮ್ಮ ಕೈ ತೊಳೆದುಕೊಳ್ಳುತ್ತಾ ಅಂದಳು. “ನಿಮ್ಮ ಹಿರೀಕರು ಯಾರನ್ನೂ ಎದುರು ಹಾಕ್ಕೊಂಡೋರಲ್ಲ. ನಮ್ಮ ಹಿರೀಕ ಮಾಡಿದ್ದಕ್ಕೆ ನಿಮ್ಮ ತಲೆ ಯಾಕೆ ಬಗ್ಗಬೇಕು?”

“ಮತ್ತೆ ಯಾರು ಹೋಗೋದು?”

“ನಾನು.”

ಮಂಟಯ್ಯ ನಕ್ಕ, ಅವಳ ಮುಖ ನೋಡಿ ನಗು ನಿಲ್ಲಿಸಿದ. “ಪುಟ್ಮಾದಿ, ಕೇಳು. ಗದ್ದೇಲಿ ಭತ್ತ ಹೊಡೆ ತುಂಬ್ತಾ ಐತೆ. ಈಗ ನೀರು ನಿಂತ್ರೆ ಜೊಳ್ಳು. ತೂಬು ತೆಗೆಯೋ ನೀರುಗಂಟಿ ಯಾರ ಮಾತು ಕೇಳ್ತಾನೆ? ಪಟೇಲರ ಮಾತು. ಇಬ್ರು ಮಕ್ಳವೆ ಮನೇಲಿ. ಮಾನ ಮರ್ವಾದೆ ಎಲ್ಲ ಹೊಟ್ಟೆ ತುಂಬಿದ ಮ್ಯಾಲೆ.”

“ಇಬ್ರು ಮಕ್ಳವೆ ಅಂತ್ಲೇ ಹೊಂಟಿರೋದು. ನೀವು ಮುದುಕರಾದ ಮ್ಯಾಲೆ ಕುಡ್ಲು ಹೊತ್ಕೊಂಡು ಹೋಗೋನು ನಮ್ಮ ಮಗ.”

ಮಂಟಯ್ಯ ಕುಡುಗೋಲನ್ನು ಅವಳ ಕಡೆ ಚಾಚಿದ. ಕೊಡಲು ಮನಸ್ಸಿಲ್ಲದವನಂತೆ ಒಂದು ಗಳಿಗೆ ಹಿಡಿಯನ್ನು ಬಿಡದೆ ಹಿಡಿದುಕೊಂಡಿದ್ದ.

ಚಾವಡಿಯ ಮುಂದೆ ಊರು ನೆರೆದಿತ್ತು. ಬಾಳೆಕಂಬ ಕಟ್ಟಿ, ಬೆಳ್ಳಿ ಹಿಡಿಯ ಕತ್ತಿಯನ್ನು ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದ್ದರು. ಪಟೇಲ್ ವೀರಭದ್ರಸ್ವಾಮಿ ಕಂಬಳಿ ಹಾಸಿದ ಜಗಲಿಯ ಮೇಲೆ ಕೂತಿದ್ದರು. ಜರಿ ರುಮಾಲು, ಹಣೆಯ ತುಂಬ ವಿಭೂತಿ, ದಪ್ಪ ಮೀಸೆ. ಹೆಂಗಸೊಬ್ಬಳು ಸೆರಗು ಹೊದ್ದು, ಕುಡುಗೋಲು ಹಿಡಿದು ನೇರ ನಡೆದು ಬಂದದ್ದು ನೋಡಿ ಜನ ತಾವಾಗಿ ದಾರಿ ಬಿಟ್ಟರು. ಮಂಟಯ್ಯ ಹಿಂದೆ, ಅರಳಿಕಟ್ಟೆಯ ಬಳಿಯೇ ನಿಂತ.

“ಇದೇನಮ್ಮ ನೀನು ಬಂದೆ? ಗಂಡ ಎಲ್ಲಿ?” ಪಟೇಲರು ಕೇಳಿದರು.

“ಅಲ್ಲೇ ಅವ್ರೆ. ಅವರು ನಮ್ಮ ಮನೆತನದೋರಲ್ಲ. ಯಜಮಾನಿಕೆ ಅಪ್ಪನಿಂದ ನಂಗೆ ಬಂದದ್ದು, ಚಿಕ್ಕಪ್ಪ.”

ಆ ಕೊನೆಯ ಮಾತಿಗೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೂಟದ ಮನೆಯವರು ಪಟೇಲರನ್ನು ‘ಬುದ್ಧಿ’ ಎನ್ನುತ್ತಿದ್ದರೇ ಹೊರತು ನಂಟು ಹಿಡಿದು ಕರೆದದ್ದನ್ನು ಯಾರೂ ಕೇಳಿರಲಿಲ್ಲ.

“ಯಾರಿಗೆ ಚಿಕ್ಕಪ್ಪ ಅಂತೀಯ?”

“ನಿಮ್ಗೇ. ನಮ್ದು ಅಣ್ಣನ ಮನೆ, ನಿಮ್ದು ತಮ್ಮನ ಮನೆ. ಇನ್ನೇನಂತ ಕರೀಲಿ?”

ಯಾರೋ ಕೆಮ್ಮಿದರು. ಪಟೇಲರ ಮುಖಕ್ಕೆ ರಕ್ತ ನುಗ್ಗಿತು. “ಓಹೋ! ಸಂತೇಲಿ ಕಾಂಗ್ರೆಸ್ಸಿನೋರ ಭಾಷಣ ಕೇಳ್ಕೊಂಡು ಬಂದೀಯ ಅನ್ನು. ಟೋಪಿ ಹಾಕ್ಕೊಂಡೋರು ಬಾವುಟ ಹಿಡಿದ ಮ್ಯಾಲೆ ನಿಮ್ಮಂಥೋರಿಗೆಲ್ಲ ಕೊಂಬು ಬಂದದೆ. ಅದೇ ರಕ್ತ ಅಲ್ವೆ! ಆಯ್ತು, ನೀನೇ ಯಜಮಾನಿ. ಕಟ್ಟು ಗಂಡಸು ಹೆಂಗಸು ಅಂತ ನೋಡಕಿಲ್ಲ. ಕೂಟದ ಮನೆ ಯಜಮಾನಿಕೆ ಯಾರದೋ ಅವರ ತಲೆ ಬರಿ ಆಗಬೇಕು. ನಡೀಲಿ.”

ಮನೆಯಿಂದ ಹೊರಟಾಗ ಏನು ಹೇಳಬೇಕೆಂದು ಪುಟ್ಟಮಾದಮ್ಮ ಯೋಚಿಸಿರಲಿಲ್ಲ. ಕುಡುಗೋಲು ಇಡುವುದಿಲ್ಲ ಎಂದಷ್ಟೇ ಗೊತ್ತಿತ್ತು. ಈಗ ಮಾತು ತಾನೇ ಬಂತು.

“ನನ್ನ ತಲೆ ಮ್ಯಾಲಿರೋದು ರುಮಾಲಲ್ಲ ಚಿಕ್ಕಪ್ಪ, ಸೆರಗು. ಊರ ಮುಂದೆ ನಿಮ್ಮ ಅಣ್ಣನ ಮನೆ ಹೆಣ್ಮಗಳ ಸೆರಗು ಇಳಿಸ್ತೀರಾ? ಇಳಿಸಿ. ನಿಂತಿವ್ನಿ.”

ಹೆಂಗಸರ ಗುಂಪಿನಿಂದ ಒಂದು ಮುದಿ ದನಿ, “ಬ್ಯಾಡ ಪಟೇಲಪ್ಪ, ಶಿವ ಮೆಚ್ಚಕಿಲ್ಲ,” ಎಂದಿತು. ಇನ್ನೊಬ್ಬಳು ತನ್ನ ಸೆರಗನ್ನು ಬಿಗಿಯಾಗಿ ಎಳೆದುಕೊಂಡಳು. ಅವಳ ಪಕ್ಕದವಳೂ ಎಳೆದುಕೊಂಡಳು. ಗಂಡಸರು ನೆಲ ನೋಡಿದರು. ಪಟೇಲರು ಮೇಲೆತ್ತಿದ್ದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೀಸೆಗೆ ತಂದರು.

“ತಲೆ ಮಾತು ಬುಡು. ಕುಡ್ಲು ಇಟ್ಟು, ಆಡೋ ಮಾತು ಆಡಿ ಹೋಗು,” ಎಂದರು, ದನಿ ತಗ್ಗಿಸಿ.

“ಕುಡ್ಲು ಇಡಕ್ಕಾಗಕಿಲ್ಲ. ಮುಂದೆ ಭತ್ತ ಕುಯ್ಯಬೇಕು. ಮಾತು ಬೇಕಾದ್ರೆ ಆಡ್ತೀನಿ.” ಪುಟ್ಟಮಾದಮ್ಮ ಜನರ ಕಡೆ ತಿರುಗಿದಳು. “ನಮ್ಮ ಹಿರೀಕನ ಹೆಸರು ಕಂಠಪ್ಪ. ಹೊಟ್ಟೆಗಿಲ್ಲದೋರ ಕೂಡೆ ನಿಂತು ಸತ್ತೋನು. ಅವನು ಮಾಡಿದ್ದು ತಪ್ಪಲ್ಲ.”

ಬಂದ ದಾರಿಯಲ್ಲೇ ನಡೆದು ಹೋದಳು. ಅರಳಿಕಟ್ಟೆ ದಾಟುವಾಗ ಮಂಟಯ್ಯ ಅವಳ ಜೊತೆಗೆ ಹೆಜ್ಜೆ ಹಾಕಿದ. ಮನೆ ಸೇರಿದ ಮೇಲೆ ಅವಳು ಜಗಲಿಯ ಮೇಲೆ ಕೂತುಬಿಟ್ಟಳು. ಮಂಟಯ್ಯ ಒಂದು ಚೆಂಬು ನೀರು ತಂದುಕೊಟ್ಟ.

“ಇನ್ನು ನೀರು ಬರಕಿಲ್ಲ,” ಎಂದ.

“ಗೊತ್ತು,” ಎಂದಳು.

ಬರಲಿಲ್ಲ. ನೀರುಗಂಟಿ ಮಾರನೆಯ ದಿನದಿಂದಲೇ ಅವರ ಗದ್ದೆಗೆ ನೀರು ಹಾಯುವ ಮಡೆಗೆ ಮಣ್ಣು ಮೆತ್ತಿದ. “ನಂದೇನೈತವ್ವ, ಹೇಳಿದಂಗೆ ಮಾಡೋನು,” ಎಂದು ಕಣ್ಣು ತಪ್ಪಿಸಿದ. ವಾರ ಕಳೆಯುವುದರೊಳಗೆ ಗದ್ದೆಯ ಕೆಸರು ಗಟ್ಟಿಯಾಗಿ, ಅಲ್ಲಲ್ಲಿ ಬಿರುಕು ಬಿಡತೊಡಗಿತು. ಮನೆಗೆ ಬರುತ್ತಿದ್ದ ಕೆಲವರು ಬರುವುದನ್ನು ಬಿಟ್ಟರು. ಬಾವಿಯ ಹತ್ತಿರ ಕೆಲವರು ಮೊದಲಿಗಿಂತ ಹೆಚ್ಚು ಮಾತಾಡಿಸಿದರು. “ಹೋಗಿ ಕಾಲು ಹಿಡಿದು ಬಂದುಬುಡ್ಲಾ?” ಎಂದು ಮಂಟಯ್ಯ ಒಂದು ಸಂಜೆ ಕೇಳಿದ. ಪುಟ್ಟಮಾದಮ್ಮ ಬೈಯಲಿಲ್ಲ. “ಹಳ್ಳದಾಗೆ ನೀರೈತೆ. ಹಳ್ಳಕ್ಕೆ ಪಟೇಲರಿಲ್ಲ,” ಎಂದಳು. ಗದ್ದೆಯ ಪಕ್ಕದಲ್ಲೇ ಕೆರೆಕೋಡಿಯ ಹಳ್ಳ ಹರಿಯುತ್ತಿತ್ತು. ಆದರೆ ಎರಡಾಳು ತಗ್ಗಿನಲ್ಲಿ. ಎತ್ತಿ ಹಾಕಲು ಯಾತ ಬೇಕು, ಕಂಬದ ಮೇಲೆ ತಕ್ಕಡಿಯಂತೆ ತೂಗುವ ಉದ್ದನೆಯ ತೊಲೆ.

ಯಾತದ ಮರಕ್ಕೆಂದು ಇಬ್ಬರೂ ಹುಣಸೂರಿಗೆ ಹೋದರು. ಅಲ್ಲಿ ಗಾಡಿ ಕಟ್ಟುವ ಖದೀರ್ ಸಾಹೇಬರು ನಂಜಣ್ಣನಿಗೆ ಹಳೆಯ ಪರಿಚಯ. ತಮ್ಮ ಮನೆಯ ಕೊಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿದ್ದ ಗಾಡಿಚಕ್ರದ ಜೋಡಿಯನ್ನು ಕೊಟ್ಟು ಮರ ಕೇಳಿದರು. ಸಾಹೇಬರು ಉಳಿ ಕೆಳಗಿಟ್ಟು, ಯಾಕೆ ಏನು ಎಂದು ವಿಚಾರಿಸಿದರು. ಎಲ್ಲ ಕೇಳಿದ ಮೇಲೆ ಗಡ್ಡ ನೀವಿಕೊಳ್ಳುತ್ತಾ ಕೂತರು.

“ನಂಜಣ್ಣೋರು ಇದನ್ನ ಒಂದಿವ್ಸನೂ ಬಾಯ್ಬಿಟ್ಟು ಹೇಳ್ಲಿಲ್ಲ ನೋಡಿ,” ಎಂದರು. “ನಮ್ಮ ಮನೇಲೂ ಒಬ್ರಿದ್ರು ತಾಯಿ. ಕೂಟದೋರ ಗಾಡಿಗೆ ಅಚ್ಚು ಹಾಕಿಕೊಟ್ರು ಅಂತ ಸವಾರರು ಬಂದು ಬಲಗೈ ಹೆಬ್ಬೆಟ್ಟು ತೆಗೆದ್ರಂತೆ. ಅಜ್ಜ ಕಸುಬು ಬಿಡ್ಲಿಲ್ಲ. ಎಡಗೈನಾಗೆ ಉಳಿ ಹಿಡಿದ್ರು. ಇವತ್ತಿಗೂ ನಮ್ಮ ಗಂಡುಮಕ್ಳಿಗೆ ಮೊದಲು ಎಡಗೈನಾಗೆ ಕಲಿಸ್ತೀವಿ. ನೋಡಿ.” ಕೆಳಗಿಟ್ಟಿದ್ದ ಉಳಿಯನ್ನು ಎಡಗೈಯಲ್ಲಿ ಎತ್ತಿ, ಮತ್ತಿಮರದ ಒಂದು ತೊಲೆಯ ಮೇಲೆ ಟಕಟಕನೆ ಮೆಟ್ಟಿಲ ಗುರುತು ಕೆತ್ತತೊಡಗಿದರು. “ಕಾಲು ಜಾರಬಾರದು. ಆಳವಾಗಿ ಹಾಕ್ತೀನಿ.”

ಮಂಟಯ್ಯ ಆ ಕೈಯನ್ನೇ ನೋಡುತ್ತಾ ನಿಂತಿದ್ದ. ತೊಲೆಯನ್ನು ಗಾಡಿಗೆ ಹೇರಿಕೊಂಡು ಊರಿಗೆ ಹೊರಟರು. ದಾರಿಯ ಒಂದು ತಿರುವು ದಾಟಿದ ಮೇಲೆ ಅವನು, ತನಗೆ ತಾನೇ ಎಂಬಂತೆ, “ಎಲ್ಲಾರ ಮನೇಲೂ ಒಬ್ಬೊಬ್ರು ಅವ್ರೆ ಅಂತಾಯ್ತು,” ಎಂದ.

ಹಳ್ಳದ ದಡದಲ್ಲಿ ಕವೆಗಂಬ ನೆಟ್ಟು ಯಾತ ಏರಿಸಿದರು. ಮಂಟಯ್ಯ ಮರದ ಮೇಲೆ ಹತ್ತಿ ಹಿಂದಕ್ಕೂ ಮುಂದಕ್ಕೂ ನಡೆಯುವುದು, ಪುಟ್ಟಮಾದಮ್ಮ ಕೆಳಗೆ ದಡದಲ್ಲಿ ನಿಂತು ಬಿದಿರ ಗಳು ಹಿಡಿದು ಅದರ ತುದಿಗೆ ಕಟ್ಟಿದ ಬಾನಿ ಮುಳುಗಿಸಿ, ಮೇಲೆ ಬಂದ ನೀರನ್ನು ಕಾಲುವೆಗೆ ಸುರಿಯುವುದು. ಕೈಯಲ್ಲಿ ಬೊಬ್ಬೆ ಎದ್ದು ಒಡೆದವು. ಮೇಲಿನ ಮಡಿಗಳ ಭತ್ತ ಆಗಲೇ ಬೆಳ್ಳಗಾಗಿ ಜೊಳ್ಳಾಗಿತ್ತು, ಅದು ದನಕ್ಕೆ. ಕೆಳಗಿನ ಮಡಿಗಳು ಉಳಿಯುವ ಹಾಗೆ ಕಾಣುತ್ತಿದ್ದವು. ಪಕ್ಕದ ಗದ್ದೆಯ ಒಕ್ಕಲು ಎರಡು ದಿನ ದೂರದಿಂದ ನೋಡಿದ. ಮೂರನೆಯ ದಿನ ಬಂದು, “ಅಕ್ಕ, ನೀನು ಉಣ್ಣೋಗು. ನಾನೊಸಿ ಹೊತ್ತು ಬಾನಿ ಹಿಡೀತೀನಿ,” ಎಂದ. ಅವನ ಗದ್ದೆಗೂ ಬೇಕಾದಾಗ ನೀರು ಬಿಡುವವನು ಅದೇ ನೀರುಗಂಟಿ.

ಒಂದು ಬೆಳಿಗ್ಗೆ, ಬಿಸಿಲು ಏರುವ ಹೊತ್ತಿನಲ್ಲಿ, ಹಳ್ಳದ ಪಕ್ಕದ ಗಾಡಿದಾರಿಯಲ್ಲಿ ಗೆಜ್ಜೆ ಸದ್ದಾಯಿತು. ಪಟೇಲರ ಕಮಾನುಗಾಡಿ. ಕಚೇರಿ ಕೆಲಸಕ್ಕೆ ಪಿರಿಯಾಪಟ್ಟಣಕ್ಕೆ ಹೊರಟಿರಬೇಕು. ಪಟೇಲರ ಗಾಡಿ ಕಂಡರೆ ಹೊಲದಲ್ಲಿದ್ದವರು ಗುದ್ದಲಿ ಇಟ್ಟು ಬದಿಗೆ ಸರಿದು ನಿಲ್ಲುವುದು, ಎತ್ತರದಲ್ಲಿದ್ದವರು ಕೆಳಗಿಳಿಯುವುದು ಊರಿನ ರೂಢಿ. ಅಲ್ಲಿ ಇಲ್ಲಿ ಕಳೆ ಕೀಳುತ್ತಿದ್ದವರು ಎದ್ದು ನಿಂತರು. ಪುಟ್ಟಮಾದಮ್ಮ ಬಾನಿಯನ್ನು ತಡೆಹಿಡಿದು ಮೇಲೆ ನೋಡಿದಳು. ಇಳಿಯಿರಿ ಎಂದಾಗಲಿ, ಇಳಿಯಬೇಡಿ ಎಂದಾಗಲಿ ಅವಳು ಹೇಳಲಿಲ್ಲ.

ಗಾಡಿ ಯಾತದ ನೇರಕ್ಕೆ ಬಂದು ನಿಂತಿತು. ಕಮಾನಿನ ಕೆಳಗಿನಿಂದ ಪಟೇಲರು ತಲೆ ಹೊರಗೆ ಹಾಕಿ ನೋಡಿದರು. ನೋಡಬೇಕಾದರೆ ಕತ್ತು ಎತ್ತಲೇಬೇಕಿತ್ತು. ಮಂಟಯ್ಯ ಅಷ್ಟು ಎತ್ತರದಲ್ಲಿದ್ದ.

ಅವನು ಮರದ ತುದಿಯಲ್ಲಿ ಒಂದು ಗಳಿಗೆ ನಿಂತ. ಎದೆಯ ಬೆವರನ್ನು ಅಂಗೈಯಲ್ಲಿ ಒರೆಸಿಕೊಂಡ.

“ಯಾಕಮ್ಮಿ ನಿಂತೆ?” ಎಂದು ಕೆಳಗೆ ಕೂಗಿದ. “ಬಾನಿ ಮುಳುಗ್ಸು.”

ಮುಳುಗಿಸಿದಳು. ಮರ ನರಳಿ ಬಾಗಿತು. ಅವನು ಆಚೆ ತುದಿಗೆ ನಡೆದ. ಬಾನಿ ತುಂಬಿ ಮೇಲೆ ಬಂತು. ನೀರು ಕಾಲುವೆಗೆ ಬಿದ್ದು, ಒಣಗಿದ ಮಣ್ಣಿನ ಮೇಲೆ ನೊರೆ ಕಟ್ಟುತ್ತಾ ಮುಂದಕ್ಕೆ ಓಡಿತು. ಗಾಡಿಯ ಎತ್ತುಗಳು ಆ ಸದ್ದಿಗೆ ಕಿವಿ ನಿಮಿರಿಸಿ ಕೊರಳು ಆಡಿಸಿದವು.